ಸತ್ತು 77 ವರ್ಷಗಳ ಬಳಿಕ ನಂ.1 ಪಟ್ಟ: ಬೇಸ್‌ಬಾಲ್ ದಂತಕಥೆ ಜೋಶ್ ಗಿಬ್ಸನ್ ಬದುಕಿನ ಕಥೆ

2024ರ ಮೇ ತಿಂಗಳ ಕೊನೆಯ ವಾರ. ಅಮೆರಿಕದ ಬೇಸ್‌ಬಾಲ್ ದಾಖಲೆ ಪಟ್ಟಿಯಲ್ಲಿ ಒಂದು ಹೆಸರು ಮೇಲೇರಿತು, ಇನ್ನೊಂದು ಕೆಳಗಿಳಿಯಿತು. ವೃತ್ತಿಜೀವನದ ಬ್ಯಾಟಿಂಗ್ ಸರಾಸರಿಯಲ್ಲಿ ದಶಕಗಳ ಕಾಲ ಮೊದಲ ಸ್ಥಾನದಲ್ಲಿದ್ದ ಟೈ ಕಾಬ್ ಎರಡನೇ ಸ್ಥಾನಕ್ಕೆ ಸರಿದರು. ಮೊದಲ ಸ್ಥಾನಕ್ಕೆ ಬಂದವರು ಜೋಶ್ ಗಿಬ್ಸನ್.

ಹಾಗಂತ ಗಿಬ್ಸನ್ ಆ ವರ್ಷ ಹೊಸದಾಗಿ ಏನನ್ನೂ ಸಾಧಿಸಿರಲಿಲ್ಲ. ಅವರು ತೀರಿಕೊಂಡೇ 77 ವರ್ಷಗಳಾಗಿದ್ದವು. ಜೀವಂತ ಇದ್ದಾಗ ಅಮೆರಿಕದ ಎರಡು ದೊಡ್ಡ ಲೀಗ್‌ಗಳ ಯಾವ ತಂಡವೂ ಅವರಿಗೆ ಒಂದು ದಿನದ ಮಟ್ಟಿಗೂ ಜೆರ್ಸಿ ಕೊಟ್ಟಿರಲಿಲ್ಲ. ಕಾರಣ ಒಂದೇ, ಅವರ ಮೈಬಣ್ಣ.

ಯಾರಿದು ಜೋಶ್ ಗಿಬ್ಸನ್? ಅವರು ಹೊಡೆದ ಹೊಡೆತಗಳ ಲೆಕ್ಕ ಸಿಗಲು ಇಷ್ಟು ವರ್ಷ ಯಾಕೆ ಬೇಕಾಯಿತು? ಇಲ್ಲಿದೆ ವಿವರ.

ಮೊದಲು ಲೆಕ್ಕ ಅರ್ಥ ಮಾಡಿಕೊಳ್ಳೋಣ

ಕ್ರಿಕೆಟ್ ನೋಡಿ ಬೆಳೆದ ನಮಗೆ ಬೇಸ್‌ಬಾಲ್‌ನ ಸರಾಸರಿ ಸ್ವಲ್ಪ ವಿಚಿತ್ರ ಎನಿಸಬಹುದು. ಇಲ್ಲಿ ಸರಾಸರಿ ಎಂದರೆ ರನ್‌ಗಳ ಲೆಕ್ಕವಲ್ಲ. ಬ್ಯಾಟ್ ಹಿಡಿದು ಬಂದ ಎಷ್ಟು ಸಲದಲ್ಲಿ ಎಷ್ಟು ಸಲ ಚೆಂಡನ್ನು ಸರಿಯಾಗಿ ಹೊಡೆದು ಬೇಸ್ ತಲುಪಿದರು ಎಂಬ ಲೆಕ್ಕ. ಹತ್ತರಲ್ಲಿ ಮೂರು ಸಲ ಯಶಸ್ವಿಯಾದರೆ ಸರಾಸರಿ 0.300. ಅಷ್ಟಿದ್ದರೆ ಆತ ಒಳ್ಳೆಯ ಬ್ಯಾಟರ್. ಇಡೀ ವೃತ್ತಿಜೀವನದಲ್ಲಿ ಅದನ್ನು ಉಳಿಸಿಕೊಂಡರೆ ಆತ ಶ್ರೇಷ್ಠ.

ಟೈ ಕಾಬ್ ಅವರ ಸರಾಸರಿ 0.367. ಗಿಬ್ಸನ್ ಅವರದು 0.372. ನೋಡಲು ಕೂದಲೆಳೆ ಅಂತರ. ಆದರೆ ಈ ಅಂತರದ ಹಿಂದೆ ಒಂದು ದೇಶದ ಅರ್ಧ ಶತಮಾನಕ್ಕೂ ಮಿಕ್ಕಿದ ಇತಿಹಾಸ ಇದೆ.

ಇನ್ನೊಂದು ಮಾತು. ಗಿಬ್ಸನ್ ಬರೀ ಬ್ಯಾಟರ್ ಆಗಿರಲಿಲ್ಲ, ಕ್ಯಾಚರ್ ಕೂಡ ಆಗಿದ್ದರು. ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಬ್ಯಾಟರ್ ಹಿಂದೆ ಮಂಡಿ ಮಡಚಿ ಕೂತು, ಪಂದ್ಯದುದ್ದಕ್ಕೂ ವೇಗವಾಗಿ ಬರುವ ಚೆಂಡು ಹಿಡಿಯಬೇಕು. ಮಂಡಿ, ಬೆರಳು ಎಲ್ಲವೂ ಸವೆಯುವ ಕೆಲಸ. ಅದನ್ನು ಮಾಡಿಕೊಂಡೇ ಅವರು ಈ ಸರಾಸರಿ ಗಳಿಸಿದ್ದು.

ಎಲ್ಲೂ ಬರೆದಿಡದ ನಿಯಮ

1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ವರ್ಣೀಯ ಕ್ಯಾಚರ್ ಟೊಲಿಡೊ ತಂಡದ ಪರ ದೊಡ್ಡ ಲೀಗ್‌ನಲ್ಲೇ ಆಡಿದ್ದರು. ಆದರೆ ಆ ಕಾಲದ ಸ್ಟಾರ್ ಆಟಗಾರ ಕ್ಯಾಪ್ ಆ್ಯನ್ಸನ್ ಸೇರಿದಂತೆ ಹಲವು ಬಿಳಿಯ ಆಟಗಾರರು ಕಪ್ಪು ಜನರ ಜೊತೆ ಮೈದಾನ ಹಂಚಿಕೊಳ್ಳಲು ಒಪ್ಪಲಿಲ್ಲ. ಕ್ರಮೇಣ ತಂಡಗಳ ಮಾಲೀಕರು ಒಳಗೊಳಗೇ ಒಂದು ಒಪ್ಪಂದಕ್ಕೆ ಬಂದರು. ಕಪ್ಪು ಆಟಗಾರರನ್ನು ತೆಗೆದುಕೊಳ್ಳಬಾರದು, ಅಷ್ಟೇ.

ಇದು ಯಾವ ನಿಯಮ ಪುಸ್ತಕದಲ್ಲೂ ಇರಲಿಲ್ಲ. ಹಾಗಾಗಿ ಪ್ರಶ್ನಿಸಲೂ ಆಗುತ್ತಿರಲಿಲ್ಲ. ಕೇಳಿದರೆ, ಅಂಥ ನಿಯಮವೇ ಇಲ್ಲವಲ್ಲ ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಸುಮಾರು 60 ವರ್ಷ ಅದು ಹೀಗೇ ನಡೆಯಿತು.

ಬಾಗಿಲು ಮುಚ್ಚಿದ್ದರಿಂದ ಕಪ್ಪು ಆಟಗಾರರು ತಮ್ಮದೇ ಮನೆ ಕಟ್ಟಿಕೊಂಡರು. 1920ರಲ್ಲಿ ರೂಬ್ ಫಾಸ್ಟರ್ ಎಂಬ ಮಾಜಿ ಪಿಚರ್ ಕ್ಯಾನ್ಸಸ್ ಸಿಟಿಯಲ್ಲಿ ಸಭೆ ಕರೆದು ನೀಗ್ರೊ ನ್ಯಾಷನಲ್ ಲೀಗ್ ಸ್ಥಾಪಿಸಿದರು. ಇಂದು ಆ ಪದ ಬಳಸುವುದಿಲ್ಲ. ಆದರೆ ಚರಿತ್ರೆಯಲ್ಲಿ ಆ ಲೀಗ್‌ಗಳ ಹೆಸರೇ ಅದು. ಗಿಬ್ಸನ್ ಬೆಳೆದಿದ್ದು, ಮೆರೆದಿದ್ದು ಎಲ್ಲ ಅಲ್ಲೇ.

ಜಾರ್ಜಿಯಾದಿಂದ ಉಕ್ಕಿನ ನಗರಕ್ಕೆ

ಜೋಶ್ ಗಿಬ್ಸನ್ ಹುಟ್ಟಿದ್ದು 1911ರ ಡಿಸೆಂಬರ್ 21ರಂದು, ಜಾರ್ಜಿಯಾ ರಾಜ್ಯದ ಬ್ಯುನಾ ವಿಸ್ಟಾ ಎಂಬ ಸಣ್ಣ ಊರಿನಲ್ಲಿ. ಕಾಕತಾಳೀಯ ಎಂಬಂತೆ ಟೈ ಕಾಬ್ ಕೂಡ ಜಾರ್ಜಿಯಾದವರೇ. ಒಂದೇ ರಾಜ್ಯದ ಮಣ್ಣು. ಒಬ್ಬರಿಗೆ ಬಾಗಿಲು ತೆರೆದಿತ್ತು, ಇನ್ನೊಬ್ಬರಿಗೆ ಮುಚ್ಚಿತ್ತು.

ತಂದೆ ಮಾರ್ಕ್ ಗಿಬ್ಸನ್ ಪರರ ಹೊಲದಲ್ಲಿ ಪಾಲಿಗೆ ದುಡಿಯುತ್ತಿದ್ದರು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ದುಡಿಮೆಯೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. ಲಕ್ಷಾಂತರ ಜನರಂತೆ ಮಾರ್ಕ್ ಕೂಡ ಉತ್ತರಕ್ಕೆ ಹೊರಟು ಪಿಟ್ಸ್‌ಬರ್ಗ್‌ನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಹಿಡಿದರು. ಒಂದಿಷ್ಟು ಹಣ ಕೂಡಿದ ಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಂಡರು.

ಹಿರಿಯ ಮಗ ಜೋಶ್ ಎಲೆಕ್ಟ್ರಿಷಿಯನ್ ಆಗಲಿ ಎಂದು ಕಸುಬು ಕಲಿಸುವ ಶಾಲೆಗೆ ಹಾಕಿದರು. ಒಂಬತ್ತನೇ ತರಗತಿಗೆ ಓದು ನಿಂತಿತು, ಕಾರ್ಖಾನೆ ಕೆಲಸ ಶುರುವಾಯಿತು. ಆಮೇಲೆ ಗಿಂಬಲ್ಸ್ ಎಂಬ ದೊಡ್ಡ ಮಳಿಗೆಯಲ್ಲಿ ಲಿಫ್ಟ್ ಆಪರೇಟರ್ ಕೆಲಸ. ಆ ಮಳಿಗೆಗೆ ಸ್ವಂತ ಬೇಸ್‌ಬಾಲ್ ತಂಡ ಇತ್ತು. ಹಗಲು ಲಿಫ್ಟ್, ಬಿಡುವಿನಲ್ಲಿ ಬ್ಯಾಟ್. ಹದಿಹರೆಯದಲ್ಲೇ ಆರಡಿ ದಾಟಿದ ಮೈಕಟ್ಟು. ಈ ಹುಡುಗ ಚೆಂಡು ಹೊಡೆದರೆ ಎಲ್ಲಿಗೆ ಹೋಗುತ್ತದೋ ಹೇಳಲಾಗದು ಎಂಬ ಮಾತು ಊರೆಲ್ಲ ಹಬ್ಬಿತು.

1930: ಒಂದೇ ವರ್ಷ ಎಲ್ಲವೂ

18 ವರ್ಷದ ಜೋಶ್ ಬದುಕಿನಲ್ಲಿ 1930 ಮರೆಯಲಾಗದ ವರ್ಷ. ಪಿಟ್ಸ್‌ಬರ್ಗ್ ಬಳಿಯ ಹೋಮ್‌ಸ್ಟೆಡ್ ಗ್ರೇಸ್ ಆಗ ದೇಶದ ಬಲಿಷ್ಠ ಕಪ್ಪು ತಂಡಗಳಲ್ಲಿ ಒಂದು. ಜುಲೈ ತಿಂಗಳಲ್ಲಿ ಅವರು ಆ ತಂಡ ಸೇರಿದರು.

ಅವರು ಸೇರಿದ ಬಗ್ಗೆ ಒಂದು ಕಥೆ ಇದೆ. ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡ ತನ್ನದೇ ದೀಪದ ಕಂಬಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದು ರಾತ್ರಿ ಪಂದ್ಯ ಆಡುತ್ತಿತ್ತು. ಮಂದ ಬೆಳಕಿನಲ್ಲಿ ಗ್ರೇಸ್ ತಂಡದ ಕ್ಯಾಚರ್ ಕೈಗೆ ಪೆಟ್ಟಾಯಿತು, ಪ್ರೇಕ್ಷಕರ ನಡುವೆ ಕೂತಿದ್ದ ಗಿಬ್ಸನ್ ಅವರನ್ನು ಕರೆದು ಜೆರ್ಸಿ ತೊಡಿಸಿದರು ಎನ್ನುತ್ತದೆ ಆ ಕಥೆ. ಇದು ಹೀಗೇ ನಡೆಯಿತು ಎಂದು ಇತಿಹಾಸಕಾರರು ಒಪ್ಪುವುದಿಲ್ಲ. ಆದರೆ ಗಿಬ್ಸನ್ ಬಗ್ಗೆ ಹುಟ್ಟಿದ ನೂರಾರು ಕಥೆಗಳಲ್ಲಿ ಮೊದಲನೆಯದು ಇದೇ.

ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಅದೇ ಆಗಸ್ಟ್‌ನಲ್ಲಿ ಅವರ ಪತ್ನಿ ಹೆಲೆನ್ ಹೆರಿಗೆ ವೇಳೆ ತೀರಿಕೊಂಡರು. ಅವಳಿ ಮಕ್ಕಳು ಬದುಕುಳಿದವು. ಗಂಡು ಮಗುವಿಗೆ ಅಪ್ಪನ ಹೆಸರು, ಹೆಣ್ಣು ಮಗುವಿಗೆ ಅಮ್ಮನ ಹೆಸರು. ಮಕ್ಕಳು ಬೆಳೆದಿದ್ದು ಹೆಲೆನ್ ಅವರ ತವರಿನವರ ಮಡಿಲಲ್ಲಿ. ಗಿಬ್ಸನ್ ಮತ್ತೆ ಬಸ್ ಹತ್ತಿದರು.

ಆ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಲಿಂಕನ್ ಜೈಂಟ್ಸ್ ವಿರುದ್ಧದ ಸರಣಿಯಲ್ಲಿ ಅವರು ಯಾಂಕೀ ಸ್ಟೇಡಿಯಂನಲ್ಲಿ ಹೊಡೆದ ಒಂದು ಹೋಮ್ ರನ್ ಬಗ್ಗೆ ಜನ ಮುಂದೆ ವರ್ಷಗಟ್ಟಲೆ ಮಾತಾಡಿದರು.

ಬಸ್ಸೇ ಮನೆ, ಬಸ್ಸೇ ಹೋಟೆಲ್

ಬಿಳಿಯರ ತಂಡಗಳು ರೈಲಿನಲ್ಲಿ ಓಡಾಡಿ, ಒಳ್ಳೆಯ ಹೋಟೆಲ್‌ಗಳಲ್ಲಿ ಉಳಿದು, ಋತುವಿಗೆ 154 ಪಂದ್ಯ ಆಡುತ್ತಿದ್ದವು. ಕಪ್ಪು ಲೀಗ್‌ಗಳಲ್ಲಿ ಅಧಿಕೃತ ಪಂದ್ಯಗಳ ಸಂಖ್ಯೆ ಅದರ ಅರ್ಧದಷ್ಟೂ ಇರುವುದು ಕಷ್ಟ. ಅದರಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಹಾಗಾಗಿ ಉಳಿದ ದಿನಗಳಲ್ಲಿ ಊರೂರು ಸುತ್ತಿ ಸ್ಥಳೀಯ ತಂಡಗಳ ಜೊತೆ ಪ್ರದರ್ಶನ ಪಂದ್ಯ ಆಡಬೇಕಿತ್ತು. ಕೆಲವೊಮ್ಮೆ ಒಂದೇ ದಿನ ಎರಡು ಊರು.

ಎಷ್ಟೋ ಊರುಗಳಲ್ಲಿ ಹೋಟೆಲ್‌ನವರು ರೂಮ್ ಕೊಡುತ್ತಿರಲಿಲ್ಲ. ಊಟವನ್ನು ಹಿಂಬಾಗಿಲಿನಿಂದ ಪಡೆಯಬೇಕು. ಬಸ್ಸಿನಲ್ಲೇ ನಿದ್ದೆ, ಮರುದಿನ ಮತ್ತೆ ಆಟ.

1932ರಲ್ಲಿ ಗಿಬ್ಸನ್ ಪಿಟ್ಸ್‌ಬರ್ಗ್ ಕ್ರಾಫೋರ್ಡ್ಸ್ ತಂಡಕ್ಕೆ ಹೋದರು. ಅದರ ಮಾಲೀಕ ಗಸ್ ಗ್ರೀನ್‌ಲೀ. ಅವರ ಆದಾಯದ ಮೂಲ ನಮ್ಮ ಮುಂಬೈ ಮಟ್ಕಾ ಥರದ ನಂಬರ್ ಆಟ. ಆ ದುಡ್ಡಿನಿಂದಲೇ ಅವರು ಕಪ್ಪು ಜನರ ಬಡಾವಣೆಯಲ್ಲಿ ಗ್ರೀನ್‌ಲೀ ಫೀಲ್ಡ್ ಎಂಬ ಸ್ವಂತ ಕ್ರೀಡಾಂಗಣ ಕಟ್ಟಿಸಿದರು.

ಆ ತಂಡದಲ್ಲಿ ಗಿಬ್ಸನ್ ಜೊತೆ ಪಿಚರ್ ಸ್ಯಾಚಲ್ ಪೇಜ್, ಮಿಂಚಿನ ಓಟಗಾರ ಕೂಲ್ ಪಾಪಾ ಬೆಲ್, ಆಸ್ಕರ್ ಚಾರ್ಲ್‌ಸ್ಟನ್, ಜೂಡಿ ಜಾನ್ಸನ್ ಇದ್ದರು. ಈ ಐವರೂ ಮುಂದೆ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಸೇರಿದರು. ಒಂದೇ ತಂಡದಲ್ಲಿ ಐದು ಮಂದಿ ದಿಗ್ಗಜರು. ಅವರ ಆಟ ನೋಡಿದವರಿಗೆ ಬೆಲೆ ಗೊತ್ತಿತ್ತು. ನೋಡದವರಿಗೆ ದೊಡ್ಡ ಪತ್ರಿಕೆಗಳು ಹೇಳಲೂ ಇಲ್ಲ.

ಲೆಕ್ಕ ಇಲ್ಲದ ಕಡೆ ಕಥೆ ಹುಟ್ಟುತ್ತದೆ

ಗಿಬ್ಸನ್ ಬಗ್ಗೆ ಅಮೆರಿಕದಲ್ಲಿ ಇಂದಿಗೂ ಹೇಳುವ ಒಂದು ತಮಾಷೆ ಕಥೆ ಕೇಳಿ. ಪಿಟ್ಸ್‌ಬರ್ಗ್‌ನಲ್ಲಿ ಅವರು ಹೊಡೆದ ಚೆಂಡು ಆಕಾಶಕ್ಕೆ ಹೋಗಿ ಮಾಯವಾಯಿತಂತೆ. ಅಂಪೈರ್ ಹೋಮ್ ರನ್ ಎಂದು ತೀರ್ಪು ಕೊಟ್ಟರು. ಮರುದಿನ ಫಿಲಡೆಲ್ಫಿಯಾದಲ್ಲಿ ಪಂದ್ಯ ನಡೆಯುತ್ತಿದ್ದಾಗ ಮೇಲಿಂದ ಒಂದು ಚೆಂಡು ಬಿತ್ತು, ಎದುರಾಳಿ ಆಟಗಾರ ಹಿಡಿದ. ಅದೇ ಅಂಪೈರ್ ಗಿಬ್ಸನ್ ಕಡೆ ತಿರುಗಿ, ನಿನ್ನೆ ಪಿಟ್ಸ್‌ಬರ್ಗ್‌ನಲ್ಲಿ ನೀನು ಔಟ್ ಎಂದರಂತೆ.

ಕೇಳಿದರೆ ನಗು ಬರುತ್ತದೆ. ಆದರೆ ಇಂಥ ಕಥೆಗಳು ಗಿಬ್ಸನ್ ಸುತ್ತ ಇಷ್ಟೊಂದು ಬೆಳೆದದ್ದು ಯಾಕೆ? ಅದೇ ಕಾಲದ ಬೇಬ್ ರೂತ್ ಎಷ್ಟು ಹೋಮ್ ರನ್ ಹೊಡೆದರು ಎಂದು ಕೇಳಿದರೆ 714 ಎಂಬ ಖಚಿತ ಉತ್ತರ ಇದೆ. ಯಾವ ದಿನ, ಯಾವ ಮೈದಾನ, ಯಾವ ಪಿಚರ್ ಎಂಬುದೂ ದಾಖಲಾಗಿದೆ. ಗಿಬ್ಸನ್ ಹೊಡೆದಿದ್ದೆಷ್ಟು? ಹಾಲ್ ಆಫ್ ಫೇಮ್‌ನಲ್ಲಿರುವ ಅವರ ಫಲಕದ ಪ್ರಕಾರ ಎಲ್ಲ ಬಗೆಯ ಪಂದ್ಯಗಳೂ ಸೇರಿ ಹೆಚ್ಚುಕಮ್ಮಿ 800. ಈಗಿನ ಅಧಿಕೃತ ಪಟ್ಟಿಯಲ್ಲಿ ಇರುವುದು ಇನ್ನೂರಕ್ಕೂ ಕಡಿಮೆ. ಯಾಕೆಂದರೆ ಪ್ರದರ್ಶನ ಪಂದ್ಯಗಳು ಲೆಕ್ಕಕ್ಕಿಲ್ಲ, ಲೀಗ್ ಪಂದ್ಯಗಳಲ್ಲೂ ಹಲವದರ ಸ್ಕೋರ್ ಪಟ್ಟಿ ಸಿಕ್ಕಿಲ್ಲ.

ಅವರನ್ನು ಕಪ್ಪು ಬೇಬ್ ರೂತ್ ಎಂದು ಕರೆಯುತ್ತಿದ್ದರು. ಹೊಗಳಿಕೆಯೇ ಸರಿ. ಆದರೆ ಎಷ್ಟೇ ಹೊಡೆದರೂ ಬಿಳಿಯ ಆಟಗಾರನ ಹೆಸರಿನ ನೆರಳಲ್ಲೇ ಗುರುತಿಸಿಕೊಳ್ಳಬೇಕಾದ ಸ್ಥಿತಿ ಅದು.

ಹೊರದೇಶದಲ್ಲಿ ಮರ್ಯಾದೆ, ಸ್ವದೇಶದಲ್ಲಿ ಮೌನ

1937ರಲ್ಲಿ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ರಾಫೆಲ್ ಟ್ರುಹಿಯೊ ಅವರ ಹೆಸರಿನ ರಾಜಧಾನಿಯ ತಂಡಕ್ಕೆ ಪೇಜ್, ಬೆಲ್, ಗಿಬ್ಸನ್ ಮೂವರೂ ಆಡಲು ಹೋದರು. ತಂಡ ಚಾಂಪಿಯನ್ ಆಯಿತು. ಗಿಬ್ಸನ್ ಸರಾಸರಿ 0.453. ಅದೇ ವರ್ಷ ಅವರು ಹೋಮ್‌ಸ್ಟೆಡ್ ಗ್ರೇಸ್‌ಗೆ ಮರಳಿದರು. ಅಲ್ಲಿ ಬಕ್ ಲೆನರ್ಡ್ ಜೊತೆ ಅವರ ಜೋಡಿ ಎದುರಾಳಿಗಳ ನಿದ್ದೆಗೆಡಿಸಿತು.

1940 ಮತ್ತು 41ರಲ್ಲಿ ಮೆಕ್ಸಿಕೊ. ಅಲ್ಲಿ ವೆರಾಕ್ರೂಸ್ ತಂಡ ಒಳ್ಳೆಯ ಸಂಬಳ ಕೊಟ್ಟಿತು. ಮೆಕ್ಸಿಕೊದಲ್ಲಿ ಅವರು ಬಿಳಿಯರು ಇಳಿಯುವ ಹೋಟೆಲ್‌ನಲ್ಲೇ ಇಳಿಯಬಹುದಿತ್ತು, ಬೇಕಾದ ಕಡೆ ಕೂತು ಊಟ ಮಾಡಬಹುದಿತ್ತು. ಕೊನೆಗೆ ಗ್ರೇಸ್ ಮಾಲೀಕ ಕಂಬರ್ಲ್ಯಾಂಡ್ ಪೋಸಿ ಕೋರ್ಟ್ ಮೆಟ್ಟಿಲೇರಿದ ಮೇಲೆ ಗಿಬ್ಸನ್ 1942ರಲ್ಲಿ ವಾಪಸಾದರು.

ಬಿಳಿಯರ ತಂಡಗಳಿಗೆ ಅವರು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. 1930ರ ದಶಕದ ಕೊನೆಯಲ್ಲಿ ಕಪ್ಪು ಸಮುದಾಯದ ಪತ್ರಿಕೆ ಪಿಟ್ಸ್‌ಬರ್ಗ್ ಕೊರಿಯರ್‌ನಿಂದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಮ್ಯಾನೇಜರ್‌ಗೆ ಒಂದು ಟೆಲಿಗ್ರಾಂ ಹೋಯಿತು. ಗಿಬ್ಸನ್, ಲೆನರ್ಡ್, ಪೇಜ್, ಬೆಲ್ ಇವರನ್ನೆಲ್ಲ ತೆಗೆದುಕೊಳ್ಳಿ, ನಿಮ್ಮ ತಂಡಕ್ಕೆ ಪ್ರಶಸ್ತಿ ಖಚಿತ ಎಂಬುದು ಅದರ ಸಾರ. ಉತ್ತರ ಬರಲಿಲ್ಲ.

ಗ್ರೇಸ್ ತಂಡ ವಾಷಿಂಗ್ಟನ್‌ನ ಗ್ರಿಫಿತ್ ಸ್ಟೇಡಿಯಂ ಬಾಡಿಗೆಗೆ ಪಡೆದು ಹಲವು ಪಂದ್ಯ ಆಡುತ್ತಿತ್ತು. ಅಲ್ಲಿನ ಬಿಳಿಯರ ತಂಡ ಸೆನೆಟರ್ಸ್ ಮಾಲೀಕ ಕ್ಲಾರ್ಕ್ ಗ್ರಿಫಿತ್ ಒಮ್ಮೆ ಗಿಬ್ಸನ್ ಮತ್ತು ಲೆನರ್ಡ್ ಅವರನ್ನು ಕಚೇರಿಗೆ ಕರೆಸಿ ಮಾತಾಡಿದ್ದರು. ದೊಡ್ಡ ಲೀಗ್‌ನಲ್ಲಿ ಆಡುವ ಆಸೆ ಇದೆಯೇ ಎಂದು ಕೇಳಿದ್ದೂ ಹೌದು. ಆಮೇಲೆ ಕರೆ ಬರಲೇ ಇಲ್ಲ. ಮೈದಾನದ ಬಾಡಿಗೆ ಮಾತ್ರ ಸರಿಯಾಗಿ ಸಂದಾಯವಾಗುತ್ತಿತ್ತು.

ಮಿದುಳಲ್ಲಿ ಗೆಡ್ಡೆ, ಕೈಯಲ್ಲಿ ಬ್ಯಾಟ್

1943ರ ಹೊಸ ವರ್ಷದ ಹೊತ್ತಿಗೆ ಗಿಬ್ಸನ್ ಪ್ರಜ್ಞೆ ತಪ್ಪಿ ಬಿದ್ದರು. ಆಸ್ಪತ್ರೆಯಲ್ಲಿ ಮಿದುಳಿನ ಗೆಡ್ಡೆ ಎಂದು ಗೊತ್ತಾಯಿತು. ಶಸ್ತ್ರಚಿಕಿತ್ಸೆಗೆ ಅವರು ಒಪ್ಪಲಿಲ್ಲ ಎಂದು ಮನೆಯವರು ಮುಂದೆ ಹೇಳಿದರು. ಆಪರೇಷನ್ ಆದರೆ ಮತ್ತೆ ಮೈದಾನಕ್ಕೆ ಇಳಿಯಲಾಗದು ಎಂಬ ಭಯ ಅವರಿಗಿತ್ತು.

ಅವರು ಆಡಿದರು. ಆ ವರ್ಷವೇ ಅವರ ಸರಾಸರಿ 0.466. ಇಂದಿನ ಅಧಿಕೃತ ಪಟ್ಟಿಯಲ್ಲಿ ಒಂದು ಋತುವಿನ ಅತ್ಯುತ್ತಮ ಸರಾಸರಿ ಇದೇ. 1894ರಲ್ಲಿ ಹ್ಯೂ ಡಫಿ ಗಳಿಸಿದ್ದ 0.440 ಅಲ್ಲಿಯವರೆಗಿನ ದಾಖಲೆ. ಅದೇ 1943ರಲ್ಲಿ ಷಿಕಾಗೊದ ಕಮಿಸ್ಕಿ ಪಾರ್ಕ್‌ನಲ್ಲಿ ನಡೆದ ಕಪ್ಪು ಲೀಗ್‌ಗಳ ಪೂರ್ವ-ಪಶ್ಚಿಮ ಆಲ್ ಸ್ಟಾರ್ ಪಂದ್ಯಕ್ಕೆ 50 ಸಾವಿರಕ್ಕೂ ಹೆಚ್ಚು ಪ್ರೇಕ್ಷಕರು ಬಂದಿದ್ದರು.

ಆದರೆ ದೇಹ ಸೋಲುತ್ತಿತ್ತು. ಸಹಿಸಲಾಗದ ತಲೆನೋವು, ವಿಪರೀತ ಕುಡಿತ, ಮತ್ತೆ ಮತ್ತೆ ಆಸ್ಪತ್ರೆ ವಾಸ. ಮಂಡಿ ನೋವಿನಿಂದ ಕ್ಯಾಚರ್ ಆಗಿ ಕೂರುವುದೇ ಕಷ್ಟವಾಯಿತು.

1945ರ ಅಕ್ಟೋಬರ್‌ನಲ್ಲಿ ಸುದ್ದಿ ಬಂತು. ಬ್ರೂಕ್ಲಿನ್ ಡಾಡ್ಜರ್ಸ್ ಸಂಸ್ಥೆ ಒಬ್ಬ ಕಪ್ಪು ಆಟಗಾರನ ಜೊತೆ ಒಪ್ಪಂದ ಮಾಡಿಕೊಂಡಿದೆ. ಆದರೆ ಆ ಹೆಸರು ಗಿಬ್ಸನ್ ಅಲ್ಲ, ಜಾಕಿ ರಾಬಿನ್ಸನ್. ಡಾಡ್ಜರ್ಸ್ ಮುಖ್ಯಸ್ಥ ಬ್ರಾಂಚ್ ರಿಕಿ ಅವರಿಗೆ ಬೇಕಿದ್ದುದು ಕಾಲೇಜಿನಲ್ಲಿ ಓದಿದ, ಆರೋಗ್ಯವಂತ, ಎಂಥ ಅವಮಾನವನ್ನೂ ನುಂಗಿಕೊಂಡು ಆಡಬಲ್ಲ ಆಟಗಾರ. ಗಿಬ್ಸನ್ ಅವರಿಗೆ ಆಗ ಮೂವತ್ತಮೂರು ದಾಟಿತ್ತು, ಆರೋಗ್ಯ ಕೈಕೊಟ್ಟಿತ್ತು. ಹದಿನೈದು ವರ್ಷ ಬಾಗಿಲ ಮುಂದೆ ನಿಂತಿದ್ದವರ ಪಕ್ಕದಿಂದ ಇನ್ನೊಬ್ಬರು ಒಳಗೆ ಹೋದರು.

1947ರ ಜನವರಿ 20ರಂದು ಪಿಟ್ಸ್‌ಬರ್ಗ್‌ನಲ್ಲಿ ಪಾರ್ಶ್ವವಾಯುವಿನಿಂದ ಜೋಶ್ ಗಿಬ್ಸನ್ ತೀರಿಕೊಂಡರು. ವಯಸ್ಸು ಬರೀ 35. ಮೂರು ತಿಂಗಳೂ ಕಳೆಯಲಿಲ್ಲ, ಏಪ್ರಿಲ್ 15ರಂದು ರಾಬಿನ್ಸನ್ ಡಾಡ್ಜರ್ಸ್ ಪರ ಮೈದಾನಕ್ಕಿಳಿದು ಚರಿತ್ರೆ ಬರೆದರು. ಮರುವರ್ಷ 42ರ ವಯಸ್ಸಿನಲ್ಲಿ ಸ್ಯಾಚಲ್ ಪೇಜ್ ಕೂಡ ಕ್ಲೀವ್‌ಲ್ಯಾಂಡ್ ಪರ ಆಡಿದರು. ಗಿಬ್ಸನ್ ಬದುಕಿದ್ದರೆ ಆಗ 36.

ಹೆಸರಿಲ್ಲದ ಸಮಾಧಿ

ಪಿಟ್ಸ್‌ಬರ್ಗ್‌ನ ಅಲೆಘೆನಿ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದರು. ಸಮಾಧಿಗೆ ಹೆಸರಿನ ಕಲ್ಲು ಕೂಡ ಇರಲಿಲ್ಲ. ಕಲ್ಲು ಬಂದಿದ್ದು 1975ರಲ್ಲಿ, ಅಂದರೆ 28 ವರ್ಷಗಳ ನಂತರ.

ಅಷ್ಟರಲ್ಲಿ ಗಾಳಿ ನಿಧಾನವಾಗಿ ತಿರುಗಿತ್ತು. 1966ರಲ್ಲಿ ಬಿಳಿಯ ಆಟಗಾರ ಟೆಡ್ ವಿಲಿಯಮ್ಸ್ ಹಾಲ್ ಆಫ್ ಫೇಮ್ ಸೇರುವಾಗ ತಮ್ಮ ಭಾಷಣದಲ್ಲೇ ಪೇಜ್ ಮತ್ತು ಗಿಬ್ಸನ್ ಹೆಸರೆತ್ತಿ, ಅವಕಾಶ ಸಿಗದ ಈ ಮಹಾನ್ ಆಟಗಾರರಿಗೂ ಇಲ್ಲಿ ಜಾಗ ಸಿಗಬೇಕು ಎಂದು ಕೇಳಿಕೊಂಡರು. 1971ರಲ್ಲಿ ಪೇಜ್, 1972ರಲ್ಲಿ ಗಿಬ್ಸನ್ ಮತ್ತು ಬಕ್ ಲೆನರ್ಡ್ ಆ ಗೌರವ ಪಡೆದರು. ಇಂದು ವಾಷಿಂಗ್ಟನ್‌ನ ನ್ಯಾಷನಲ್ಸ್ ಪಾರ್ಕ್‌ನಲ್ಲಿ ಗಿಬ್ಸನ್ ಪ್ರತಿಮೆ ಇದೆ.

ಆದರೆ ದಾಖಲೆ ಪುಸ್ತಕ ಮಾತ್ರ ಬದಲಾಗಲಿಲ್ಲ. 1969ರಲ್ಲಿ ಯಾವ ಯಾವ ಹಳೆಯ ಲೀಗ್‌ಗಳನ್ನು ಮೇಜರ್ ಲೀಗ್ ಎಂದು ಪರಿಗಣಿಸಬೇಕು ಎಂದು ತೀರ್ಮಾನಿಸಲು ಒಂದು ಸಮಿತಿ ರಚಿಸಿದ್ದರು. ಅದು ಆರು ಲೀಗ್‌ಗಳನ್ನು ಒಪ್ಪಿತು. ಕಪ್ಪು ಲೀಗ್‌ಗಳಲ್ಲಿ ಒಂದನ್ನೂ ಒಪ್ಪಲಿಲ್ಲ.

ಹಳೆಯ ಪತ್ರಿಕೆಗಳಲ್ಲಿ ಸಿಕ್ಕ ಲೆಕ್ಕ

ಕೊನೆಗೂ ಕೆಲಸ ಆಗಿದ್ದು ಸಂಶೋಧಕರ ತಾಳ್ಮೆಯಿಂದ. ಪಿಟ್ಸ್‌ಬರ್ಗ್ ಕೊರಿಯರ್, ಷಿಕಾಗೊ ಡಿಫೆಂಡರ್, ಬಾಲ್ಟಿಮೋರ್‌ನ ಆಫ್ರೊ-ಅಮೆರಿಕನ್‌ನಂಥ ಕಪ್ಪು ಸಮುದಾಯದ ಪತ್ರಿಕೆಗಳು ಆ ಕಾಲದಲ್ಲಿ ಪಂದ್ಯಗಳ ಸ್ಕೋರ್ ಪಟ್ಟಿ ಮುದ್ರಿಸುತ್ತಿದ್ದವು. ಆ ಹಳೆಯ ಪುಟಗಳನ್ನು ವರ್ಷಗಟ್ಟಲೆ ಜಾಲಾಡಿ, ಒಂದೊಂದೇ ಪಂದ್ಯದ ಲೆಕ್ಕ ಹೆಕ್ಕಿ ಸೀಮ್‌ಹೆಡ್ಸ್ ಎಂಬ ಡೇಟಾಬೇಸ್ ಕಟ್ಟಿದರು. 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ 1920ರಿಂದ 1948ರವರೆಗಿನ ಏಳು ಕಪ್ಪು ಲೀಗ್‌ಗಳಿಗೆ ಮಾನ್ಯತೆ ಕೊಟ್ಟಿತು. 2024ರಲ್ಲಿ 2,300ಕ್ಕೂ ಹೆಚ್ಚು ಆಟಗಾರರ ಅಂಕಿಅಂಶಗಳು ಅಧಿಕೃತ ಪಟ್ಟಿಗೆ ಸೇರಿದವು.

ಆಕ್ಷೇಪ ಎತ್ತಿದವರೂ ಇದ್ದಾರೆ. ಕಾಬ್ 11 ಸಾವಿರಕ್ಕೂ ಹೆಚ್ಚು ಸಲ ಬ್ಯಾಟ್ ಹಿಡಿದು ಗಳಿಸಿದ ಸರಾಸರಿಯನ್ನು, 2 ಸಾವಿರ ಚಿಲ್ಲರೆ ಸಲದ ಲೆಕ್ಕ ಸಿಕ್ಕಿರುವ ಗಿಬ್ಸನ್ ಸರಾಸರಿಗೆ ಹೋಲಿಸುವುದು ಸರಿಯೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ತಪ್ಪಲ್ಲ. ಆದರೆ ಗಿಬ್ಸನ್ ಅವರಿಗೆ 154 ಪಂದ್ಯಗಳ ಋತು ಸಿಗದಂತೆ ಮಾಡಿದ್ದು ಗಿಬ್ಸನ್ ಅಲ್ಲ. ಇನ್ನೊಂದು ಕಡೆ, ಕಾಬ್ ಅವರ 0.367 ಕೂಡ ಕಪ್ಪು ಪಿಚರ್‌ಗಳನ್ನು ಹೊರಗಿಟ್ಟ ಲೀಗ್‌ನಲ್ಲಿ ಬಂದ ಸಂಖ್ಯೆ. ಅರ್ಧ ಪೈಪೋಟಿಯಲ್ಲಿ ಮೂಡಿದ ದಾಖಲೆ ಅದೂ ಹೌದು, ಇದೂ ಹೌದು.

ಮತ್ತೊಂದು ಸಂಗತಿ ನೆನಪಿರಲಿ. ಕಪ್ಪು ಲೀಗ್‌ಗಳ ಪಂದ್ಯಗಳಲ್ಲಿ ಇದುವರೆಗೆ ಸುಮಾರು ಮುಕ್ಕಾಲು ಭಾಗದ ಲೆಕ್ಕ ಮಾತ್ರ ಸಿಕ್ಕಿದೆ. ಹುಡುಕಾಟ ಇನ್ನೂ ನಡೆದಿದೆ. ನಾಳೆ ಯಾವುದೋ ಗ್ರಂಥಾಲಯದಲ್ಲಿ ಹಳದಿಗಟ್ಟಿದ ಪುಟವೊಂದು ಸಿಕ್ಕಿ, 1930ರ ದಶಕದ ಒಂದು ಮಧ್ಯಾಹ್ನದ ಪಂದ್ಯದ ಸ್ಕೋರ್ ಓದಲು ಬಂದರೆ, ಗಿಬ್ಸನ್ ಅವರ ಸರಾಸರಿ ಮತ್ತೆ ಒಂದಿಷ್ಟು ಮೇಲೋ ಕೆಳಗೋ ಸರಿಯಬಹುದು. 35ಕ್ಕೇ ಕಣ್ಮುಚ್ಚಿದ ಆಟಗಾರನ ಸ್ಕೋರ್ ಎಣಿಕೆ ಇನ್ನೂ ಮುಗಿದಿಲ್ಲ.